ಆಯಿಷಾ ಕಟ್ಟಿದ ಕುಚ್ಚು, ನಾನು ಕಲಿಸಿದ ಇಂಗ್ಲಿಷು

ನಾನು ನಿವೃತ್ತಳಾದ ಮೇಲೆ ನನ್ನ ಕುರ್ಚಿಗೆ ಹೊಸದಾಗಿ ಬಂದಿರುವ ಹುಡುಗಿ ಹೋದ ವಾರ ಹರದನಹಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಲ್ಯಾಪ್‌ಟಾಪು, ಮುಖದಲ್ಲಿ ಭಯ. "ಮೇಡಂ, ಐಇಎಲ್‌ಟಿಎಸ್ ಕ್ಲಾಸಿಗೆ ಯಾವ ಪುಸ್ತಕದಿಂದ ಶುರು ಮಾಡ್ಲಿ?" ಅಂತ ಕೇಳಿದಳು. ಕಾಫಿ ಕೊಟ್ಟು, "ಪುಸ್ತಕ ಅಂಗಡೀಲಿ ಸಿಗುತ್ತೆ ಕಣಮ್ಮಿ. ಅದಕ್ಕಿಂತ ಮುಂಚೆ ನಿನ್ನ ಮುಂದೆ ಕೂತಿರೋ ಮಕ್ಕಳು ಅವರವರ ಮನೇಲಿ ಹೇಗೆ ಮಾತಾಡ್ತಾರೆ ಅಂತ ನೋಡ್ಕೊಂಡು ಬಾ" ಅಂದೆ. ಮುದುಕಿಗೆ ಅರಳುಮರಳು ಅಂದುಕೊಂಡಳೋ ಏನೋ, ನಕ್ಕು ಎದ್ದಳು. ವಿವರಿಸೋಣ ಅಂದರೆ ಅವಳ ಬಸ್ಸು ತಪ್ಪುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಮೊದಲಿನಿಂದಲೂ ಮಾತು ಜಾಸ್ತಿ. ಬರವಣಿಗೆಯೂ ಹಾಗೇ ಆದರೆ ಸಹಿಸಿಕೊಳ್ಳಬೇಕು.

ನಾನು ಕೆಲಸಕ್ಕೆ ಸೇರಿದಾಗ ಅದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನ ಮೇಲಿನ ಮಹಡಿ. ಕೆಳಗಿನಿಂದ ಇಡ್ಲಿಯ ಹಬೆ, ಮೇಲೆ ಟೈಪ್‌ರೈಟರಿನ ಟಕಟಕ. ಮಾಲೀಕರು ಮಲ್ಲಪ್ಪನವರು, ಹರವೆ ಕಡೆಯವರು. ಗಾಳಿ ಬಂದಾಗ ತೂರಿಕೊಳ್ಳುವ ಜಾಣ. ಟೈಪಿಂಗ್ ಹೋಗಿ ಕಂಪ್ಯೂಟರ್ ಬಂತು, ಜೊತೆಗೆ ಸ್ಪೋಕನ್ ಇಂಗ್ಲಿಷ್ ಬಂತು, ಕೊನೆಗೆ ಹೊರದೇಶಕ್ಕೆ ಓದಲು ಹೋಗುವವರ ಪರೀಕ್ಷೆಯ ತರಬೇತಿ ಬಂತು. ಬೋರ್ಡು ಮಾತ್ರ ಬದಲಾಗುತ್ತಿತ್ತು, ಬೆಂಚುಗಳು ಅವೇ. ಇಂಗ್ಲಿಷ್ ಎಂ.ಎ. ಮಾಡಿದ ತಪ್ಪಿಗೆ ಎಲ್ಲಕ್ಕೂ ನಾನೇ ಮೇಷ್ಟ್ರು. "ರತ್ನ ಮಿಸ್" ಅನ್ನುವ ಹೆಸರು ಅಲ್ಲೇ ಅಂಟಿದ್ದು.

ಐಇಎಲ್‌ಟಿಎಸ್ ಅನ್ನುವ ಈ ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ನಾಲ್ಕು ಭಾಗ: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ಪಾಸು ಫೇಲು ಅಂತ ಇಲ್ಲ. ಒಂಬತ್ತರವರೆಗೆ ಬ್ಯಾಂಡ್ ಅಂತ ಕೊಡುತ್ತಾರೆ. ಎಷ್ಟು ಬಂದರೆ ಸಾಕು ಅನ್ನುವುದನ್ನು ಪರೀಕ್ಷೆ ಹೇಳುವುದಿಲ್ಲ, ನೀವು ಸೇರಬೇಕಾದ ವಿಶ್ವವಿದ್ಯಾಲಯ ಹೇಳುತ್ತದೆ. ಬಂದ ಅಂಕಕ್ಕೆ ಸಾಮಾನ್ಯವಾಗಿ ಎರಡು ವರ್ಷ ಆಯುಸ್ಸು. ಇದನ್ನು ಅಪ್ಪಂದಿರಿಗೆ ಅರ್ಥ ಮಾಡಿಸುವಷ್ಟರಲ್ಲಿ ನನ್ನ ಗಂಟಲು ಬತ್ತುತ್ತಿತ್ತು. "ಅದೆಲ್ಲಾ ಸರಿ ಮೇಡಂ, ನಮ್ಮುಡ್ಗ ಪಾಸಾ ಫೇಲಾ ಏಳ್ಬುಡಿ" ಅನ್ನುತ್ತಿದ್ದರು.

ಕ್ಯಾಸೆಟ್ ಕಾಲದಲ್ಲಿ ಕೇಳುವ ಅಭ್ಯಾಸವೆಂದರೆ ಒಂದು ಟೇಪ್ ರೆಕಾರ್ಡರು, ಅದರ ಸುತ್ತ ಅಷ್ಟೂ ಮಕ್ಕಳು. ಪರೀಕ್ಷೆಯಲ್ಲಿ ಒಂದೇ ಸಲ ಕೇಳಿಸುತ್ತಾರೆ ಅಂತ ನಾನೂ ಒಂದೇ ಸಲ ಹಾಕುತ್ತಿದ್ದೆ. "ಇನ್ನೊಂದ್ಸಲ ಹಾಕಿ ಮಿಸ್" ಅಂತ ಗೋಗರೆಯುತ್ತಿದ್ದರು. ವಾರಕ್ಕೆ ಎರಡು ದಿನ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಗುಂಡ್ಲುಪೇಟೆ ಶಾಖೆಗೆ ಹೋಗುತ್ತಿದ್ದೆ. ಚೆಂಡುಹೂವಿನ ಕಾಲದಲ್ಲಿ ಆ ದಾರಿಯುದ್ದಕ್ಕೂ ಹೊಲಗಳು ಅರಿಶಿನ ಬಳಿದುಕೊಂಡು ಕೂತಿರುತ್ತಿದ್ದವು. ಗುಂಡ್ಲುಪೇಟೆಯ ನಮ್ಮ ಕೋಣೆ ಒಬ್ಬ ಮಲಯಾಳಿಯ ಬೇಕರಿ ಮೇಲಿತ್ತು. ಕೆಳಗೆ ಊಟಿಗೆ ಹೋಗುವ ಕಾರು, ಕೇರಳಕ್ಕೆ ತರಕಾರಿ ಹೊತ್ತ ಲಾರಿ. ಆ ಹಾರನ್ನಿನ ನಡುವೆ ಅಭ್ಯಾಸ ಮಾಡಿದ ಒಬ್ಬ ಹುಡುಗ ಪರೀಕ್ಷೆ ಮುಗಿಸಿ ಬಂದು, "ಅಲ್ಲಿ ಹೆಡ್‌ಫೋನ್ ಕೊಟ್ರು ಮಿಸ್, ಎಷ್ಟು ನಿಶ್ಶಬ್ದ ಅಂದ್ರೆ ಭಯ ಆಗ್ಬುಡ್ತು" ಅಂದಿದ್ದ. ಈಗ ಎಲ್ಲರಿಗೂ ಒಂದೊಂದು ಕಂಪ್ಯೂಟರು, ಎಲ್ಲರ ಕಿವಿಗೂ ಹೆಡ್‌ಫೋನು. ಸೌಕರ್ಯ ಹೌದು. ಆದರೆ ಆ ಟೇಪ್ ರೆಕಾರ್ಡರಿಗೆ ತಲೆ ತಗುಲಿಸಿಕೊಂಡು ಕೂತ ಮಕ್ಕಳ ಗುಂಪು ಈಗೆಲ್ಲಿ?

ನಾಗೇಶನ ಕಥೆ ಹೇಳದೆ ಮುಂದೆ ಹೋಗಲಾರೆ. ಹರವೆಯ ರೈತರ ಮಗ, ಕೃಷಿ ಪದವಿ ಮುಗಿಸಿ ಆಸ್ಟ್ರೇಲಿಯಾದಲ್ಲಿ ಎಂ.ಎಸ್ಸಿ. ಮಾಡುವ ಆಸೆ. ಬರೆಯುವ ಭಾಗದಲ್ಲಿ ಒಂದು ನಕ್ಷೆ, ಅಂದರೆ ಗ್ರಾಫು, ಕೊಟ್ಟು ವರ್ಣಿಸಿ ಅನ್ನುತ್ತಾರೆ. ನಕ್ಷೆಯಲ್ಲಿ ಇರುವುದನ್ನಷ್ಟೇ ಬರೆಯಬೇಕು. ಒಂದು ದಿನ ಹಣ್ಣಿನ ಬೆಲೆ ಇಳಿದ ನಕ್ಷೆ ಕೊಟ್ಟೆ. ನಾಗೇಶ ಬೆಲೆ ಇಳಿದದ್ದನ್ನು ಒಂದು ಸಾಲಿನಲ್ಲಿ ಮುಗಿಸಿ, ಯಾಕೆ ಇಳಿಯಿತು ಅಂತ ಒಂದು ಪುಟ ಬರೆದ. ದಲ್ಲಾಳಿಗಳು ಒಳಗೊಳಗೇ ಮಾತಾಡಿಕೊಂಡದ್ದು, ಲಾರಿ ಬಾರದೆ ಬಾಳೆಗೊನೆ ತೋಟದಲ್ಲೇ ಹಣ್ಣಾದದ್ದು, ಎಲ್ಲವೂ ಅದರಲ್ಲಿತ್ತು.

"ನಕ್ಷೇಲಿ ದಲ್ಲಾಳಿ ಎಲ್ಲಿದ್ದಾನೋ?" ಅಂದೆ.

"ಬೆಲೆ ಸುಮ್ಸುಮ್ನೆ ಬಿದ್ದೋಯ್ತದಾ ಮಿಸ್? ಯಾರೋ ಬೀಳ್ಸವ್ರೆ ಕಣಿ" ಅಂದ.

ಅವನ ಮಾತು ನಿಜ, ಅವನ ಉತ್ತರ ತಪ್ಪು. ಈ ಎರಡರ ನಡುವೆ ನಿಂತುಕೊಳ್ಳುವುದೇ ನಮ್ಮ ವೃತ್ತಿ. ಅವನನ್ನು ಹೇಗೋ ತಿದ್ದಿ ಕಳಿಸಿದರೆ ಎಡವಟ್ಟು ಬೇರೆ ಕಡೆಯಿಂದ ಬಂತು. ಈ ಪರೀಕ್ಷೆಯಲ್ಲಿ ಎರಡು ಬಗೆ. ಓದಲು ಹೋಗುವವರಿಗೆ ಅಕಾಡೆಮಿಕ್, ಕೆಲಸಕ್ಕೋ ನೆಲೆಸಲಿಕ್ಕೋ ಹೋಗುವವರಿಗೆ ಜನರಲ್. ಮಲ್ಲಪ್ಪನವರು ಅವನ ಹೆಸರನ್ನು ಜನರಲ್‌ಗೆ ನೋಂದಾಯಿಸಿಬಿಟ್ಟಿದ್ದರು. ಒಳ್ಳೆಯ ಅಂಕ ಬಂತು, ವಿಶ್ವವಿದ್ಯಾಲಯ ಒಪ್ಪಲಿಲ್ಲ. "ಜನರಲ್ ಅಂದ್ರೆ ಎಲ್ಲದ್ಕೂ ನಡೀತದೆ ಅನ್ಕಂಡೆ ಕಣಮ್ಮ" ಅಂದರು ಮಲ್ಲಪ್ಪನವರು. "ರೈಲಿನ ಜನರಲ್ ಬೋಗಿ ಅಂದ್ಕೊಂಡ್ರಾ ಸಾರ್, ಯಾರು ಬೇಕಾದ್ರೂ ಹತ್ತೋಕೆ?" ಅಂತ ನಾನು ರೇಗಿದೆ. ಎರಡನೇ ಸಲದ ಖರ್ಚನ್ನು ಅವರೇ ಹಾಕಿದರು ಅನ್ನುವುದನ್ನೂ ಹೇಳಬೇಕು, ಮನುಷ್ಯ ಕೆಟ್ಟವರಲ್ಲ. ನಾಗೇಶ ಹೋದ, ಓದಿದ, ಮರಳಿ ಬಂದು ಹರವೆಯಲ್ಲೇ ಬಾಳೆ ಬೆಳೆಯುತ್ತಿದ್ದಾನೆ. ಅಂದಿನಿಂದ ನನ್ನ ಮೊದಲ ಪ್ರಶ್ನೆ ಬದಲಾಯಿತು: "ಯಾವ ಕಾಲೇಜು? ಅವರು ಯಾವ ಪರೀಕ್ಷೆ ಕೇಳ್ತಾರೆ? ಮೊದಲು ಅದನ್ನ ತೋರಿಸಿ, ಆಮೇಲೆ ಕೂತ್ಕೊಳ್ಳಿ."

ಇನ್ನು ಆಯಿಷಾ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಇವಳ ಬಳಿಗೆ ಬರುವುದಕ್ಕೇ.

ಗುಂಡ್ಲುಪೇಟೆಯ ಹುಡುಗಿ. ತಂದೆ ಹತ್ತಿ ಹಾಸಿಗೆ ಮಾಡುವವರು, ತಾಯಿ ಸೀರೆಯ ಸೆರಗಿಗೆ ಕುಚ್ಚು ಕಟ್ಟಿಕೊಡುವವರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಆಯಿಷಾ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಬಟ್ಟೆಗೆ ಹಾಕುವ ಬಣ್ಣಗಳ ಬಗ್ಗೆ ಓದಬೇಕು ಅಂತ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಳು. ಸೀಟು ಸಿಕ್ಕಿತ್ತು, ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಒಂದೇ ಷರತ್ತು. ಒಟ್ಟು ಆರೂವರೆ ಬರಬೇಕು, ಯಾವ ಭಾಗದಲ್ಲೂ ಆರಕ್ಕಿಂತ ಕಡಿಮೆ ಇರಬಾರದು.

ಕೇಳುವುದರಲ್ಲಿ, ಓದುವುದರಲ್ಲಿ, ಬರೆಯುವುದರಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಮಾತಾಡುವುದರಲ್ಲಿ ಐದು ಬಂತು.

"ಏನಾಯ್ತೇ?" ಅಂದೆ. ತಲೆ ತಗ್ಗಿಸಿಕೊಂಡು ನಿಂತಿದ್ದಳು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಬಾಯಿಬಿಟ್ಟಳು. ಪರೀಕ್ಷಕರು ವಯಸ್ಸಾದವರು, ನರೆಗೂದಲು. ಮನೆಯಲ್ಲಿ ಅಮ್ಮನಿಗೆ ಸಹಾಯ ಮಾಡುತ್ತೀಯಾ ಅಂತ ಕೇಳಿದರಂತೆ. ಇವಳು ಹೌದು ಸರ್ ಅಂದಳಂತೆ. ಅವರು ಸುಮ್ಮನಿದ್ದರು, ಇವಳೂ ಸುಮ್ಮನಿದ್ದಳು.

"ಅವರು ನೀನು ಮುಂದುವರಿಸಲಿ ಅಂತ ಕಾಯ್ತಿದ್ರು ಕಣೇ!"

"ನಾನೂ ಅವ್ರು ಮಾತಾಡ್ಲಿ ಅಂತ ಕಾಯ್ತಿದ್ದೆ ಮಿಸ್. ದೊಡ್ಡೋರಲ್ವಾ?"

ಎರಡನೇ ಸುತ್ತಿನಲ್ಲಿ ಒಂದು ವಿಷಯ ಕೊಟ್ಟು, ಯೋಚಿಸಲು ಒಂದು ನಿಮಿಷ ಬಿಟ್ಟು, ಎರಡು ನಿಮಿಷ ಮಾತಾಡಿ ಅನ್ನುತ್ತಾರೆ. ಇವಳು ಮೂರು ವಾಕ್ಯ ಹೇಳಿ, ಥ್ಯಾಂಕ್ಯೂ ಸರ್ ಅಂದು ಕೈ ಕಟ್ಟಿ ಕೂತಿದ್ದಳು. ಇನ್ನೇನಾದರೂ ಹೇಳುವುದಿದೆಯೇ ಅಂತ ಅವರೇ ಕೇಳಿದರೆ, ಇಲ್ಲ ಸರ್ ಅಂದಳಂತೆ. ನಮ್ಮ ಕಡೆ ಈ ನಡತೆಗೆ ನೂರಕ್ಕೆ ನೂರು ಕೊಡುತ್ತೇವೆ. ಹೆಣ್ಣು ತೋರಿಸುವ ದಿನ ಇಂಥ ಹುಡುಗಿಯನ್ನು ಬಂಗಾರ ಅನ್ನುತ್ತೇವೆ. ಪಾಪ, ಅವಳು ನಮ್ಮ ಊರಿನ ಪರೀಕ್ಷೆಯನ್ನು ಚೆನ್ನಾಗಿ ಬರೆದು ಬಂದಿದ್ದಳು.

ಒಂದೇ ಭಾಗವನ್ನು ಮತ್ತೆ ಬರೆಯುವ ಅವಕಾಶ ಈಚೆಗೆ ಬಂದಿದೆ, ಆದರೆ ಅವಳ ವಿಶ್ವವಿದ್ಯಾಲಯ ಅದನ್ನು ಒಪ್ಪುತ್ತಿರಲಿಲ್ಲ. ನಾಲ್ಕನ್ನೂ ಮತ್ತೆ ಬರೆಯಬೇಕು. ಅವರು ಕೊಟ್ಟ ಗಡುವಿನೊಳಗೆ ಬೆಂಗಳೂರಿನಲ್ಲಿ ಒಂದೇ ಒಂದು ಪರೀಕ್ಷೆಯ ದಿನ ಉಳಿದಿತ್ತು. ಅದರಲ್ಲೂ ಐದು ಬಂದರೆ ಸೀಟೂ ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು.

ಮಲ್ಲಪ್ಪನವರು ತಮ್ಮ ಜಾಣತನ ತೋರಿಸಿದರು. "ಯೋಳ್ತೀನಿ ಕೇಳಮ್ಮ. ಎದುರ್ಗಡೆ ಮನ್ಸ ಕೂರ್ದೆ ಇರೋ ಪರೀಕ್ಷೆ ಅವೆಯಲ್ಲ, ಮೈಕಿಗೆ ಮಾತಾಡಾದು, ಅದ್ಕೆ ಕೂರ್ಸ್ಬುಡು ಅತ್ಲಾಗೆ." ಟೋಫೆಲ್ ಅಂಥದ್ದು. ಕಂಪ್ಯೂಟರಿನ ಮುಂದೆ ಕೂತು ಮಾತಾಡಿದರಾಯಿತು, ದೊಡ್ಡವರೂ ಇಲ್ಲ ಚಿಕ್ಕವರೂ ಇಲ್ಲ. ನನಗೂ ಒಂದು ಗಳಿಗೆ ಆಸೆಯಾಯಿತು. ಆಮೇಲೆ ಯೋಚಿಸಿದೆ. ಪರೀಕ್ಷೆಯೇನೋ ದಾಟುತ್ತಾಳೆ, ಅಲ್ಲಿಗೆ ಹೋದ ಮೇಲೆ? ತರಗತಿಯಲ್ಲಿ ಮೇಷ್ಟ್ರು ಎದುರಿಗೇ ಇರುತ್ತಾರೆ. ಪ್ರಯೋಗ ಯಾಕೆ ಕೆಟ್ಟಿತು ಅಂತ ಕೇಳುತ್ತಾರೆ. ಅಲ್ಲೂ ಹೌದು ಸರ್ ಅಂತ ನಿಂತರೆ ಆ ಮಗು ಅಲ್ಲಿ ಹೇಗೆ ಬದುಕೀತು? ಅವಳನ್ನೇ ಕೇಳಿದೆ. "ಮನುಷ್ಯರ ಎದುರಿಗೇ ಬರೀತೀನಿ ಮಿಸ್" ಅಂದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಬರೀತೀನಿ ಅಂದಷ್ಟು ಸುಲಭವೇ? ಬೈದೆ, ಪುಸಲಾಯಿಸಿದೆ. "ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯಾ?" ಅಂತ ಕೂಗಾಡಿದೆ. ನಾನು ಕೂಗಿದಷ್ಟೂ ನಾನು ದೊಡ್ಡವಳಾದೆ, ನಾನು ದೊಡ್ಡವಳಾದಷ್ಟೂ ಅವಳು ಮೌನಿಯಾದಳು. ದಿನ ಹತ್ತಿರ ಬರುತ್ತಿತ್ತು. ನನಗೆ ಊಟ ಸೇರುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ, ಹೊಸ ಸೀರೆಯೊಂದಕ್ಕೆ ಕುಚ್ಚು ಹಾಕಿಸೋಣ ಅಂತ ಅವರ ಮನೆಗೆ ಹೋದೆ. ಹಸಿರು ಒಡಲು, ಅರಿಶಿನದ ಸೆರಗು. ಬಾಗಿಲ ಬಳಿ ಚಪ್ಪಲಿ ಬಿಡುವಾಗ ಒಳಗಿನಿಂದ ಯಾರೋ ಹೆಣ್ಣುಮಗಳು ಒಂದೇ ಸಮನೆ ಮಾತಾಡುವುದು ಕೇಳಿಸಿತು. ಉರ್ದು, ನಡುನಡುವೆ ಇಂಗ್ಲಿಷು, ನಡುನಡುವೆ ನಗು. ಊಟಿಗೆ ಹೋಗುತ್ತಿದ್ದ ಇಂಗ್ಲಿಷನ್ನೇ ಆಡುವ ಉತ್ತರದ ಕಡೆಯ ಹೆಂಗಸೊಬ್ಬರ ಕಾರು ಕೆಟ್ಟು, ಅವರು ಹಾಸಿಗೆ ಅಂಗಡಿಯ ನೆರಳಿಗೆ ಬಂದು ಕೂತದ್ದು, ಅವರ ದುಪಟ್ಟಾದ ಗೊಂಡೆ ಕಿತ್ತುಹೋಗಿದ್ದನ್ನು ತಾನು ಕಟ್ಟಿಕೊಟ್ಟದ್ದು, ಕಟ್ಟುತ್ತಾ ಅವರ ಜೊತೆ ಇಂಗ್ಲಿಷಿನಲ್ಲಿ ಏನೇನು ಮಾತಾಡಿದೆ ಅನ್ನುವುದು, ಎಲ್ಲವೂ ಆ ಹೆಂಗಸಿನ ದನಿಯನ್ನು ಅಣಕಿಸುತ್ತಾ ಬರುತ್ತಿತ್ತು. ಬಗ್ಗಿ ನೋಡಿದೆ. ಚಾಪೆಯ ಮೇಲೆ ಕೂತು, ತೊಡೆಯ ಮೇಲೆ ಸೀರೆ ಹರಡಿಕೊಂಡು ದಾರಕ್ಕೆ ಗಂಟು ಹಾಕುತ್ತಾ, ತಲೆಯೆತ್ತದೆ ಮಾತಾಡುತ್ತಿದ್ದವಳು ನಮ್ಮ ಆಯಿಷಾ!

"ಕಳ್ಳಿ! ಇಷ್ಟು ಮಾತನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಅಂದೆ. ಅವಳು ಗಡಬಡಿಸಿ ಎದ್ದಳು. ಕೈಯಿಂದ ದಾರ ಜಾರಿತು, ಮಾತೂ ನಿಂತಿತು.

ಅವಳ ತಾಯಿ ನನಗೆ ಕುರ್ಚಿ ಎಳೆದು ಕೊಟ್ಟರು. "ಕೂತ್ಕಳಿ ಮೇಡಂ. ಕೈಯಾಗೆ ಕೆಲ್ಸ ಇದ್ರೆ ಇವ್ಳು ಬಾಯಿ ಮುಚ್ಚಾದೇ ಇಲ್ಲ. ನಮ್ಮಲ್ಲಿ ಸುಮ್ನೆ ಕೂತು ಮಾತಾಡುದ್ರೆ ದೊಡ್ಡೋರು ಬೈತಾರೆ. ಕೆಲ್ಸ ಮಾಡ್ತಾ ಮಾತಾಡುದ್ರೆ ಯಾರೂ ಏನೂ ಅನ್ನಾಕಿಲ್ಲ."

ನನಗೆ ಹರದನಹಳ್ಳಿಯ ನಮ್ಮ ಮನೆಯ ಜಗಲಿ ಕಣ್ಣಿಗೆ ಕಟ್ಟಿತು. ನಮ್ಮಜ್ಜಿಯ ಎದುರು ಬಾಯಿಬಿಡದ ನನ್ನ ಅತ್ತಿಗೆಯರು ಅವರೆಕಾಯಿ ಬಿಡಿಸುವಾಗ ಅದೇ ಅಜ್ಜಿಯ ಜೊತೆ ಜಗತ್ತಿನ ಸುದ್ದಿಯೆಲ್ಲ ಮಾತಾಡುತ್ತಿದ್ದರು. ಕೈ ದುಡಿಯುತ್ತಿದ್ದರೆ ಬಾಯಿಗೆ ಅಪ್ಪಣೆ ಸಿಕ್ಕ ಹಾಗೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ, ಇಂಗ್ಲಿಷ್ ಕಲಿಸುವಾಗ ಮಾತ್ರ ನೆನಪಾಗಿರಲಿಲ್ಲ.

ಮರುದಿನ ಕ್ಲಾಸಿಗೆ ಸೀರೆ ತೆಗೆದುಕೊಂಡು ಹೋದೆ. "ಇವತ್ತಿನಿಂದ ನನ್ನ ಸೀರೆಗೆ ಕುಚ್ಚು ಇಲ್ಲೇ ಕಟ್ಟು. ಇಂಗ್ಲಿಷಲ್ಲಿ ಮಾತಾಡುವಾಗ ಮಾತ್ರ ಕಟ್ಟಬೇಕು. ಮಾತು ನಿಂತರೆ ಕೈಯೂ ನಿಲ್ಲಬೇಕು" ಅಂತ ಷರತ್ತು ಹಾಕಿದೆ. ಉಳಿದ ಮಕ್ಕಳು ಮುಸಿಮುಸಿ ನಕ್ಕರು. ಆಯಿಷಾ ನಾಚಿಕೊಂಡು ದಾರ ಕೈಗೆತ್ತಿಕೊಂಡಳು. ಮೊದಲ ಗಂಟು ಬಿದ್ದಾಗ ಒಂದು ವಾಕ್ಯ ಬಂತು. ಆಮೇಲೆ ಇನ್ನೊಂದು. ಕುಚ್ಚಿಗೆ ಯಾವ ದಾರ ಒಳ್ಳೆಯದು, ಯಾವ ಬಣ್ಣ ನೀರಿಗೆ ಬಿಡುತ್ತದೆ, ಯಾಕೆ ಬಿಡುತ್ತದೆ ಅಂತ ಶುರುವಾದವಳು ನಿಲ್ಲಿಸಲೇ ಇಲ್ಲ. ನಕ್ಕ ಮಕ್ಕಳು ಬಾಯಿಬಿಟ್ಟುಕೊಂಡು ಕೇಳುತ್ತಾ ಕೂತರು.

ಚಾಮರಾಜನಗರದಿಂದ ತನಿಖೆಗೆ ಬಂದ ಮಲ್ಲಪ್ಪನವರು ಬಾಗಿಲಲ್ಲೇ ನಿಂತುಬಿಟ್ಟರು. "ಏನಮ್ಮೋ ಇದು! ಕ್ಲಾಸೋ ಟೈಲರ್ ಅಂಗ್ಡಿಯೋ? ಜನ ನೋಡುದ್ರೆ ಏನಂದಾರು?" ನಾನು ಬಾಯಿಗೆ ಬೆರಳಿಟ್ಟು ಕೇಳಿ ಅಂತ ಸನ್ನೆ ಮಾಡಿದೆ. ಸ್ವಲ್ಪ ಹೊತ್ತು ಕೇಳಿದರು. ಮುಂದಿನ ವಾರ ಬಂದಾಗ ಪೇಪರಿನಲ್ಲಿ ಸುತ್ತಿದ ಒಂದು ಸೀರೆ ಅವರ ಕಂಕುಳಲ್ಲಿತ್ತು. "ನಮ್ಮನೆಯವ್ರುದು. ಹಂಗೇ ಇದ್ನೂ ಮಾಡುಸ್ಬುಡಿ" ಅಂದರು.

ಆದರೆ ಪರೀಕ್ಷೆಯ ಕೋಣೆಯೊಳಗೆ ಸೀರೆ ಬಿಡುತ್ತಾರೆಯೇ? ಅದಕ್ಕೆ ಮೆಲ್ಲಮೆಲ್ಲನೆ ಬಿಡಿಸುತ್ತಾ ಬಂದೆ. ಮೊದಲು ಸೀರೆ ತೆಗೆದು ಬರಿಯ ದಾರ ಕೊಟ್ಟೆ. ಆಮೇಲೆ ದಾರವನ್ನೂ ತೆಗೆದೆ. ಮೊದಲ ದಿನ ಅವಳ ಬಾಯಿ ಮತ್ತೆ ಕಟ್ಟಿತು. "ಮಡಿಲಲ್ಲಿ ಸೀರೆ ಇದೆ ಅಂದ್ಕೋ, ಬೆರಳು ಆಡಿಸು" ಅಂದೆ. ಬೆರಳು ಆಡಿದವು, ಮಾತು ಬಂತು. ಬೇಕರಿಯ ಮಲಯಾಳಿ ಅಣ್ಣನನ್ನು, ಹಾಲಿನವನನ್ನು, ಒಂದು ದಿನ ಸ್ವತಃ ಮಲ್ಲಪ್ಪನವರನ್ನೇ ಪರೀಕ್ಷಕರ ಕುರ್ಚಿಯಲ್ಲಿ ಕೂರಿಸಿ ಅವಳ ಎದುರು ಮಾತಾಡಿಸಿದೆ. ಅವರಲ್ಲಿ ಯಾರಿಗೂ ಅವಳ ಇಂಗ್ಲಿಷ್ ಪೂರ್ತಿ ತಿಳಿಯಲಿಲ್ಲ. ಆದರೂ ಗಂಭೀರವಾಗಿ ತಲೆದೂಗಿದರು.

ಪರೀಕ್ಷೆಯ ದಿನ ಅಪ್ಪನ ಜೊತೆ ಬೆಂಗಳೂರಿಗೆ ಹೋದಳು. ನಾನು ಗುಂಡ್ಲುಪೇಟೆಯ ಕೋಣೆಯಲ್ಲಿ ಕೂತು ಯಾವ ಪಾಠವನ್ನೂ ಸರಿಯಾಗಿ ಮಾಡಲಿಲ್ಲ. ಸಂಜೆ ಫೋನು ಬಂತು. "ಈ ಸಲವೂ ವಯಸ್ಸಾದೋರೇ ಮಿಸ್. ಟೇಬಲ್ ಕೆಳಗೆ ನಿಮ್ಮ ಸೀರೆಗೆ ಕುಚ್ಚು ಕಟ್ತಾನೇ ಇದ್ದೆ. ಎರಡು ನಿಮಿಷ ಆಯ್ತು ಅಂತ ಅವರೇ ನನ್ನ ನಿಲ್ಲಿಸಿದ್ರು!" ಅಂದಳು. ಪರೀಕ್ಷಕರು ನಿಲ್ಲಿಸಿದರು ಅನ್ನುವುದನ್ನು ಅಷ್ಟು ಸಂತೋಷದಿಂದ ಹೇಳಿದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ಫಲಿತಾಂಶ ಬಂದಾಗ ಅವಳ ಮನೆಯ ಚಾಪೆಯ ಮೇಲೆ ನಾವೆಲ್ಲ ಕೂತಿದ್ದೆವು. ಅವಳು ಫೋನನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡಳು. ಉಳಿದ ಮೂರು ಮೊದಲಿನಷ್ಟೇ ಚೆನ್ನಾಗಿದ್ದವು, ನನ್ನ ಕಣ್ಣು ಹುಡುಕಿದ್ದು ನಾಲ್ಕನೆಯದನ್ನು. ಮಾತಾಡುವುದು: ಆರೂವರೆ. ಓದಿ ಹೇಳಿದೆ. ಅವಳ ಅಪ್ಪ, ದಿನವಿಡೀ ಹತ್ತಿಯ ದೂಳಿನಲ್ಲಿ ಕೆಮ್ಮುವ ಆ ಮನುಷ್ಯ, "ಪಾಸಾ ಮೇಡಂ?" ಅಂದರು. ಪಾಸು ಫೇಲು ಅಂತ ಇಲ್ಲ ಅಂತ ಎಷ್ಟು ಜನಕ್ಕೆ ಪಾಠ ಮಾಡಿದವಳು ನಾನು! "ಪಾಸು ಸಾಹೇಬ್ರೆ, ಪಾಸು" ಅಂದೆ. ಅವಳ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ.

ಹೊರಡುವ ಮುಂಚೆ ಆಯಿಷಾ ಸೀರೆ ತಂದುಕೊಟ್ಟಳು. ಸೆರಗಿನ ಒಂದು ಮೂಲೆಯಲ್ಲಿ ನಾಲ್ಕು ಬೆರಳಗಲ ಬೋಳಾಗಿತ್ತು. ಅಭ್ಯಾಸ ಅಲ್ಲಿಗೆ ಮುಗಿದಿತ್ತು, ಹೊರಡುವ ಗಡಿಬಿಡಿಯಲ್ಲಿ ಕಟ್ಟಲು ಬಿಡುವಾಗಿರಲಿಲ್ಲ. ತಾಯಿ, "ಕೊಡಿ ಮೇಡಂ, ಗಳಿಗೇಲಿ ಮುಗ್ಸಿ ಕೊಡ್ತೀನಿ" ಅಂದರು. ಆಯಿಷಾ, "ಬೇಡ ಅಮ್ಮಿ, ನಾನೇ ಬಂದು ಕಟ್ತೀನಿ" ಅಂದಳು. ನಾನು ಸೀರೆಯನ್ನು ಹಾಗೇ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ನಿವೃತ್ತಿಯ ದಿನ ಅದನ್ನೇ ಉಟ್ಟೆ. "ಮಿಸ್, ಸೆರಗಿನ ತುದಿ ಬಿಟ್ಟೋಗದೆ" ಅಂತ ಒಬ್ಬರಾದ ಮೇಲೊಬ್ಬರು ಬಂದು ಹೇಳಿದರು. ಗೊತ್ತು ಬುಡ್ರೋ ಅಂದೆ.

ಕಳೆದ ಚಳಿಗಾಲದಲ್ಲಿ ಅವಳು ಬಂದಳು. ಓದು ಮುಗಿದಿತ್ತು, ಅಲ್ಲೇ ಒಂದು ಬಣ್ಣದ ಪ್ರಯೋಗಾಲಯದಲ್ಲಿ ಕೆಲಸ. ರಜೆಗೆ ಬಂದವಳು ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ನಮ್ಮ ಹರದನಹಳ್ಳಿಗೇ ಬಂದಳು. ಒಂದು ಲೋಟ ನೀರು ಕುಡಿದು, "ಸೀರೆ ತನ್ನಿ ಮಿಸ್" ಅಂದಳು. ಹಸಿರು, ಅರಿಶಿನದ ದಾರದ ಉಂಡೆಗಳನ್ನು ತಾನೇ ತಂದಿದ್ದಳು. ಜಗಲಿಯ ಮೇಲೆ ಕೂತು, ಸೆರಗನ್ನು ಮಡಿಲಿಗೆ ಎಳೆದುಕೊಂಡು ಶುರುಮಾಡಿದಳು. ಅಲ್ಲಿನ ಮೇಷ್ಟ್ರ ಜೊತೆ ಒಂದು ಪ್ರಯೋಗದ ಬಗ್ಗೆ ವಾದ ಮಾಡಿದ್ದು, ತರಗತಿಯ ಮುಂದೆ ನಿಂತು ಮಾತಾಡಿದ್ದು, ಮೊದಲ ಸಲ ಕೈ ಕಟ್ಟಿಕೊಂಡು ನಿಂತಾಗ ಬೆರಳು ತಾವಾಗಿಯೇ ಆಡಿದ್ದು. ಹೇಳುತ್ತಾ ಹೇಳುತ್ತಾ ಅವಳ ಕೈ ನಿಂತುಹೋಯಿತು. ದಾರ ಮಡಿಲಲ್ಲಿ ಬಿದ್ದಿತ್ತು. ತಲೆಯೆತ್ತಿ, ನನ್ನ ಮುಖವನ್ನೇ ನೋಡುತ್ತಾ ಮಾತಾಡುತ್ತಿದ್ದಳು.

ನಾನು ಅವರೆಕಾಯಿಯ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು, ಕಾಯಿ ಬಿಡಿಸುತ್ತಾ ಕೇಳುತ್ತಾ ಕೂತೆ. ಕುಚ್ಚು ಆ ದಿನವೂ ಮುಗಿಯಲಿಲ್ಲ.